ಗೋಡೆಗೆ ಮೂಗೂ ಇದೆ

ಶವಪೆಟ್ಟಿಗೆ ಹೊತ್ತ ನಾಲ್ವರು ಮೆಟ್ಟಿಲ ಮೇಲೆ ನಿಂತೇ ಇದ್ದರು. ಮಗಳು ಮಾತ್ರ ಊರಿನ ಹೊಸ ಸಭಾಂಗಣದ ಬಾಗಿಲಿಗೆ ತಾನೇ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಕಿತ್ತು ಕಿತ್ತು ಸೋತು, ಕೊನೆಗೆ ಹಲ್ಲು ಹಾಕಿ ಹರಿಯುತ್ತಿದ್ದಳು. ಅದು ಹರಿದ ಸದ್ದಿಗೆ ಎದುರಿನ ಔಷಧಿ ಅಂಗಡಿಯ ಸೀಸೆಗಳು ನಡುಗಿದವು, ಊರಾಚೆಯ ನಾಯಿಗಳು ಎದ್ದು ಕೂತವು.

"ಏನೇ ಇದು?" ಸಿಮೆಂಟು ಮಾವ ಓಡುತ್ತ ಬಂದ. ತೀರಿಕೊಂಡವಳ ಒಡಹುಟ್ಟಿದ ತಮ್ಮ. ಊರಿನ ಏಕೈಕ ಸಿಮೆಂಟು ಅಂಗಡಿಯ ಒಡೆಯ. ಅವನ ದನಿಯೂ ಕಾಂಕ್ರೀಟು ಕಲಸುವ ಯಂತ್ರದ್ದೇ. "ಸ್ಮಶಾನದ ದಾರಿ ಆ ಕಡೆ! ಸತ್ತ ಮೇಲೂ ನಿಮ್ಮಮ್ಮನ್ನ ಕೆಲಸಕ್ಕೆ ಹಚ್ತೀಯೇನೇ?"

"ಹೂಂ, ಹಚ್ತೀನಿ. ಸಂಜೆಗೆ ಸ್ಮಶಾನ, ಮಾವ. ಅಲ್ಲೀವರೆಗೆ ಅಮ್ಮ ಇಲ್ಲೇ ಇರ್ತಾಳೆ. ಬಂದವರೂ ಇಲ್ಲೇ ಇರ್ತಾರೆ."

ಬಾಗಿಲು ತೆರೆಯಿತು. ಒಳಗಿನ ಬಿಳುಪಿಗೆ ಹೊತ್ತವರ ಕಣ್ಣು ಕುಕ್ಕಿತು. ನೆಲದಿಂದ ಸೂರಿನವರೆಗೆ ನಾಲ್ಕು ಗೋಡೆಗಳು, ಎರಡು ಆಳಿನೆತ್ತರದ ಕಿಟಕಿಗಳ ನಡುವೆ ಕನ್ನಡಿಯಂತೆ ತಿಕ್ಕಿದ ಸುಣ್ಣದ ಗಾರೆ. ಚಂದ್ರನನ್ನು ತಂದು ಪಕ್ಕದಲ್ಲಿಟ್ಟಿದ್ದರೆ ಅವನು ನಾಚಿ ಮೋಡ ಎಳೆದುಕೊಳ್ಳುತ್ತಿದ್ದ. ಆದರೆ ಮಗಳು ಆ ಗೋಡೆಯ ಮೇಲೆ ಅಂಗೈ ಇಟ್ಟು ತೆಗೆದಾಗ, ಅಂಗೈ ಹಿಟ್ಟಿನ ಗಿರಣಿಯಿಂದ ಬಂದ ಹಾಗೆ ಬೆಳ್ಳಗಾಗಿತ್ತು.

ಮಾವ ಅದನ್ನು ನೋಡಿದ. ತುಟಿಯ ಮೂಲೆಯಲ್ಲಿ ಬಂದ ನಗುವನ್ನು ಸಾವಿನ ಮರ್ಯಾದೆಗೆಂದು ನುಂಗಿಕೊಂಡ.

"ಇನ್ನೂ ಹಸಿ. ಇವತ್ತು ಕಟ್ಟಡದ ಸಾಹೇಬರು ಬರ್ತಾರೆ, ಗೊತ್ತು ತಾನೆ? ಕೈ ಒರೆಸಿ ನೋಡ್ತಾರೆ. ಬಿಳಿ ಹತ್ತಿದರೆ ಅಷ್ಟನ್ನೂ ಕೆರೆದು ಸಿಮೆಂಟು ಮೆತ್ತಿ ಅಂತಾರೆ. ಆಮೇಲೆ ನಿಮ್ಮ ಸುಣ್ಣದ ಗುಂಡಿಗೆ ಮಣ್ಣು ಮುಚ್ಚೋದೇ."

"ಗೊತ್ತು."

"ಫ್ಯಾನಾದರೂ ತರಿಸಲಾ? ಒಣಗಲಿ."

"ಒಣಗೋದಲ್ಲ ಮಾವ, ಬದಲಾಗಬೇಕು. ಒಣಗಿದರೆ ಇದು ಬರೀ ಪುಡಿ. ಬದಲಾದರೆ ಕಲ್ಲು." ಅವಳು ಹೊತ್ತವರಿಗೆ ಸನ್ನೆ ಮಾಡಿದಳು. "ಅಮ್ಮನ್ನ ನಟ್ಟನಡುವೆ ಇಳಿಸಿ. ಊರಿಗೆಲ್ಲ ಹೇಳಿ ಕಳಿಸಿ. ಸಾವಿನ ಮನೆ ಇಲ್ಲಿದೆ. ಬರೋರು ಬಾಯಿ ತಗೊಂಡು ಬರಲಿ."

*

ಸತ್ತವಳನ್ನು ಊರು ಸುಣ್ಣದಮ್ಮ ಎಂದು ಕರೆಯುತ್ತಿತ್ತು. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. ಅವಳು ಗಾರೆ ಹಚ್ಚಿದ ಗೋಡೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಭೂಮಿಗೆ ಒಂದು ಸುತ್ತು ಪೌಳಿ ಕಟ್ಟಿ, ಮಿಕ್ಕಿದ್ದರಲ್ಲಿ ಸಮುದ್ರಕ್ಕೊಂದು ಕೋಣೆ ಮಾಡಬಹುದಿತ್ತು. ಕರಣೆ ಬೀಸಿದಳೆಂದರೆ ಹಾರುತ್ತಿದ್ದ ನೊಣ ಗೋಡೆಯ ಮೇಲೆ ಕೂರಲು ಹೋಗಿ ಜಾರಿ ಬೀಳುತ್ತಿತ್ತು. ಇದನ್ನು ನೋಡಿದವರು ಇದ್ದಾರೆ.

ಇಷ್ಟೆಲ್ಲ ಮಾಡಿದವಳಿಗೆ ತನ್ನ ಗಾರೆ ಯಾಕೆ ಗಟ್ಟಿಯಾಗುತ್ತದೆ ಎಂಬುದು ಅರ್ಧ ಆಯುಷ್ಯದವರೆಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಕೆಮಿಸ್ಟ್ರಿ ಮೇಡಂ ಮನೆಯ ಅಡುಗೆಕೋಣೆಯಲ್ಲಿ. ಹೈಸ್ಕೂಲಿನ ಆ ಮೇಡಂ ಪಾಠ ಹೇಳುತ್ತಿದ್ದರೆ ಆಮ್ಲವೂ ಹೆದರಿ ನೀರಾಗುತ್ತಿತ್ತು. ಗಾರೆ ನೋಡಲು ಬಂದ ಮೇಡಂ ಒಂದು ಲೋಟ ತಿಳಿಯಾದ ಸುಣ್ಣದ ನೀರು, ಒಂದು ಕೊಳವೆ ತಂದು ಕೊಟ್ಟರು.

"ಊದು."

"ನೀರು ಊದೋಕೆ ನಾನೇನು ಎಳೆ ಮಗೂನಾ?"

"ಊದು ಅಂದೆ. ಕುಡಿಬೇಡ ಮತ್ತೆ!"

ಸುಣ್ಣದಮ್ಮ ಊದಿದಳು. ಗುಳುಗುಳು ಎಂದ ತಿಳಿನೀರು ಕಣ್ಣೆದುರೇ ಹಾಲಿನಂತೆ ಕದಡಿತು. ಲೋಟ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಇದೇನು ಮೇಡಂ, ನನ್ನ ಉಸಿರೊಳಗೆ ಹಾಲಿದೆಯಾ?"

"ಹಾಲಲ್ಲ, ಕಲ್ಲು. ನಿನ್ನ ಭಟ್ಟಿಗೆ ಹಾಕ್ತೀಯಲ್ಲ, ಅದೇ ಸುಣ್ಣದ ಕಲ್ಲು." ಮೇಡಂ ಹಸಿ ಗೋಡೆಯ ಮೇಲೇ ಬೆರಳಿನಿಂದ ಚುಕ್ಕಿ ಇಡತೊಡಗಿದರು. "ಕಲ್ಲಿನೊಳಗೆ ಕ್ಯಾಲ್ಸಿಯಂನ ಒಂದು ಪರಮಾಣು, ಕಾರ್ಬನ್ನಿನ ಒಂದು, ಆಮ್ಲಜನಕದ ಮೂರು, ಒಟ್ಟಿಗೆ ಸಂಸಾರ ಮಾಡ್ಕೊಂಡಿರ್ತವೆ. ನೀನು ಸುಟ್ಟೆ. ಕಾರ್ಬನ್ನು ಆಮ್ಲಜನಕದ ಎರಡನ್ನ ಕಂಕುಳಲ್ಲಿ ಎತ್ಕೊಂಡು ಗಾಳಿಯಾಗಿ ಓಡಿಹೋಯ್ತು. ಅದಕ್ಕೇ ಸುಟ್ಟ ಕಲ್ಲು ಹಗುರ."

"ಹಗುರ ಅಂತ ನಂಗೂ ಗೊತ್ತು. ಯಾಕೆ ಅಂತ ಗೊತ್ತಿರಲಿಲ್ಲ."

"ನೀರು ಹಾಕಿದೆ, ಕೊತಕೊತ ಕುದಿದು ಅರಳಿತು. ಗೋಡೆಗೆ ಹಚ್ಚಿದೆ. ಈಗ ಗೋಡೆ ಕಾಯ್ತಾ ಇರುತ್ತೆ. ಗಾಳಿಯಲ್ಲಿ ಅದೇ ಜೋಡಿ ಸಿಕ್ಕಿದರೆ ಒಳಗೆ ಕರ್ಕೊಂಡು, ನೀರನ್ನ ಹೊರಗೆ ಹಾಕಿ, ಮತ್ತೆ ಕಲ್ಲಾಗುತ್ತೆ."

ಸುಣ್ಣದಮ್ಮ ಗಲ್ಲಕ್ಕೆ ಕೈಕೊಟ್ಟು ಯೋಚಿಸಿದಳು. "ಅಂದ್ರೆ ಮುನಿಸ್ಕೊಂಡು ಮಕ್ಕಳ ಸಮೇತ ತವರಿಗೆ ಹೋದೋಳು ವಾಪಸ್ ಬಂದ ಹಾಗೆ. ಬರೋಳು ಅದೇ ಹೆಂಡ್ತಿನಾ?"

"ಅದೇ ಆಗಬೇಕಿಲ್ಲ. ಕಾರ್ಬನ್ನಿನ ಒಂದು ಪರಮಾಣುವಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಯಾರ ಮೂಗಿನಿಂದ ಬಂದರೂ ಗೋಡೆಗೆ ಸರಿಯೇ. ನಾವು ಹೊರಗೆ ಬಿಡೋ ಉಸಿರಲ್ಲಿ ಅದು ಬೇಕಾದಷ್ಟಿದೆ."

"ಅಯ್ಯೋ ಮೇಡಂ!" ಸುಣ್ಣದಮ್ಮ ಆ ಅಡುಗೆಕೋಣೆ ನಡುಗುವಂತೆ ನಕ್ಕಳು. "ಗೋಡೆಗೆ ಕಿವಿ ಇದೆ ಅಂತಾರೆ, ಮೂಗೂ ಇದೆ ಅಂತ ಯಾರೂ ಹೇಳಲೇ ಇಲ್ಲವಲ್ಲ!"

ಅಂದಿನಿಂದ ಅವಳ ಕೆಲಸದ ರೀತಿಯೇ ಬದಲಾಯಿತು. ಬಾಯಿ ಮುಚ್ಚಿಕೊಂಡು ದುಡಿಯುವವರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಗಾರೆ ಮುಗಿದ ಮೇಲೆ ಮನೆಯವರನ್ನು ಆ ಕೋಣೆಯಲ್ಲಿ ಕೂರಿಸಿ, "ಮಾತಾಡಿ. ಜಗಳ ಆದರೂ ಸರಿ. ಜಗಳ ಆದರೆ ಇನ್ನೂ ಬೇಗ," ಎನ್ನುತ್ತಿದ್ದಳು. ಮೇಡಂ ಗಾಳಿಯಾಡಿದರೂ ಸಾಕು, ನಿಧಾನವಾಗಿ ಆಗುತ್ತದೆ ಎಂದು ಎಷ್ಟೋ ಸಲ ಹೇಳಿದರು. ಸುಣ್ಣದಮ್ಮ ಕೇಳಲಿಲ್ಲ. ಮಾತು ಬಿಟ್ಟ ಗಂಡಹೆಂಡಿರು ಅವಳ ಹಸಿ ಗೋಡೆಗಳ ನಡುವೆ ಮೊದಲು ಬೈದಾಡಿ, ಆಮೇಲೆ ಅತ್ತು, ಗಾರೆ ಗಟ್ಟಿಯಾಗುವ ಹೊತ್ತಿಗೆ ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಊರಿನ ನ್ಯಾಯಾಲಯದಲ್ಲಿ ವಕೀಲರು ನೊಣ ಹೊಡೆಯುತ್ತ ಕೂತದ್ದು ಅವಳಿಂದಲೇ.

*

ಹೊತ್ತೇರುವುದರೊಳಗೆ ಸಭಾಂಗಣಕ್ಕೆ ಜನ ಬಂದರು. ಮೊದಲು ಬಂದವರು ಪೆಟ್ಟಿಗೆಯ ಸುತ್ತ ತಲೆ ತಗ್ಗಿಸಿ, ಸಾವಿನ ಮನೆಯಲ್ಲಿ ನಿಲ್ಲಬೇಕಾದ ಹಾಗೆ ತುಟಿ ಬಿಗಿದು ನಿಂತರು. ಎಲ್ಲರೂ ಕಪ್ಪು, ಕಡುನೀಲಿ ಬಟ್ಟೆಯವರು. ಮಗಳು ಅವರ ನಡುವೆ ನುಗ್ಗಿದಳು.

"ಹೀಗೆ ಮೂಕರಾಗಿ ನಿಂತರೆ ಹೇಗೆ? ಮಾತಾಡಿ!"

"ಏನಮ್ಮ ಮಾತಾಡೋದು," ಎಂದಳು ದರ್ಜಿ, ಕಣ್ಣೊರೆಸುತ್ತ. "ಒಳ್ಳೆಯವಳಿದ್ದಳು."

"ಒಳ್ಳೆಯವಳಾ?" ಬೇಕರಿಯವನು ಥಟ್ಟನೆ ತಲೆ ಎತ್ತಿದ. "ನನ್ನ ಒಲೆಮನೆಗೆ ಗಾರೆ ಹಚ್ಚಿ, ನನ್ನನ್ನೂ ನನ್ನ ಅತ್ತೆಯನ್ನೂ ಒಳಗೆ ಕೂರಿಸಿ ಹೊರಗಿಂದ ಚಿಲಕ ಹಾಕಿದೋಳು!"

"ಆಮೇಲೆ?"

"ಆಮೇಲೇನು. ಗೋಡೆಗೆ ಈಗ ಮೊಳೆ ಹೊಡೆದರೆ ಮೊಳೆ ಬಗ್ಗುತ್ತೆ. ಅತ್ತೆ ನನ್ನ ಜೊತೇಲೇ ಇದಾರೆ, ಆ ಕಷ್ಟ ಯಾರಿಗೆ ಹೇಳಲಿ!"

ಯಾರೋ ಕಿಸಕ್ಕೆಂದರು. ಆ ನಗು ಬೆಂಕಿಕಡ್ಡಿ ಗೀರಿದಂತಾಯಿತು. ಒಬ್ಬೊಬ್ಬರ ಬಾಯೂ ತೆರೆಯಿತು. ನಡುವೆ ಗೋಡೆ ಎಬ್ಬಿಸಿ ಮನೆ ಪಾಲು ಮಾಡಿಕೊಂಡ ಅಣ್ಣತಮ್ಮಂದಿರು, ಅವಳು ಆ ಗೋಡೆಗೆ ಗಾರೆ ಹಚ್ಚಲು ಒಪ್ಪದೆ ಎರಡೂ ಕಡೆಯಿಂದ ಬೈಸಿಕೊಂಡದ್ದನ್ನು ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಹೇಳಿದರು. ಆ ಗೋಡೆ ಈಗ ಇಲ್ಲ. ದರ್ಜಿ ಅಳುವುದನ್ನು ಬಿಟ್ಟು, ಸುಣ್ಣದಮ್ಮ ತನ್ನ ರವಿಕೆಯ ಅಳತೆಗೆ ಬಂದಾಗಲೆಲ್ಲ ಅಂಗಡಿಯ ಗೋಡೆ ತಟ್ಟಿ ನೋಡಿ, "ಇಲ್ಲಿ ನೀನು ಚಾಡಿ ಹೇಳೋದು ಕಡಿಮೆ ಆಗಿದೆ, ಮೂಲೆ ಮೆತ್ತಗಿದೆ," ಎನ್ನುತ್ತಿದ್ದುದನ್ನು ಅಣಕಿಸಿ ತೋರಿಸಿದಳು. ಮಾತು ಏರಿತು. ಆ ಗದ್ದಲಕ್ಕೆ ಆಕಾಶದಲ್ಲಿ ಹೋಗುತ್ತಿದ್ದ ಹಕ್ಕಿಗಳು ದಾರಿ ಬದಲಿಸಿದವು.

ಒಂದೇ ಒಂದು ಬಾಯಿ ಮುಚ್ಚಿತ್ತು. ಸಿಮೆಂಟು ಮಾವ ಪೆಟ್ಟಿಗೆಯ ತಲೆಯ ಕಡೆ ಕೈಕಟ್ಟಿ ನಿಂತಿದ್ದ. ಅವನ ಅಂಗಡಿ ಶುರುವಾದ ದಿನ ಅಕ್ಕ ಬಂದು, ಒಂದು ಹಿಡಿ ಸಿಮೆಂಟು ಎತ್ತಿ ಮೂಸಿ, "ನಿನ್ನ ಹಿಟ್ಟಿಗೆ ನೀರು ಸಾಕು, ಮನುಷ್ಯರು ಬೇಡ," ಎಂದು ಹೇಳಿ ಹೋಗಿದ್ದಳು. ಆಮೇಲೆ ಅಕ್ಕತಮ್ಮ ಎದುರುಬದುರು ಸಿಕ್ಕಿದರೂ ಮಾತಾಡಿರಲಿಲ್ಲ.

ಕೆಮಿಸ್ಟ್ರಿ ಮೇಡಂ ಕೋಲೂರಿಕೊಂಡು ಬಂದರು. ಬಗಲ ಚೀಲದಿಂದ ಪುಟ್ಟ ಸೀಸೆ ತೆಗೆದು ಮಗಳನ್ನು ಬಾಗಿಲ ಹಿಂದಿನ ಮೂಲೆಗೆ ಕರೆದರು.

"ಈ ನೀರು ಸುಣ್ಣ ಕಂಡರೆ ಗುಲಾಬಿ ಆಗುತ್ತೆ. ಕಲ್ಲಾಗಿದ್ದರೆ ಬಣ್ಣ ತಿರುಗಲ್ಲ. ಧೈರ್ಯ ಇದೆಯಾ?"

"ಹಾಕಿ."

ತೊಟ್ಟು ಗೋಡೆಗೆ ತಾಗಿತು. ಕ್ಷಣವೂ ಆಗಲಿಲ್ಲ, ಯಾರೋ ಹೊಡೆದ ಕೆನ್ನೆಯಂತೆ ಆ ಜಾಗ ಕೆಂಪಾಯಿತು.

ಮೇಡಂ ಸೀಸೆಗೆ ಮುಚ್ಚಳ ಹಾಕಿದರು. ಬೇಕರಿಯವನು ಇಣುಕಿ ನೋಡಿ, "ನಾಲ್ಕು ಇದ್ದಿಲ ಒಲೆ ತಂದು ಹಚ್ಚಿಡಲಾ? ಹೊಗೆಯಲ್ಲೂ ಅದೇ ಗಾಳಿ ತಾನೆ?" ಎಂದ.

"ಹಚ್ಚಿಡು," ಎಂದರು ಮೇಡಂ. "ಅದರ ಜೊತೆ ವಿಷದ ಗಾಳಿಯೂ ಬರುತ್ತೆ. ಸಂಜೆಗೆ ಒಂದು ಪೆಟ್ಟಿಗೆ ಸಾಲಲ್ಲ, ಊರಿಗೆಲ್ಲ ಮಾಡಿಸಬೇಕಾಗುತ್ತೆ. ಪರೀಕ್ಷೆಯಲ್ಲಿ ನಿನ್ನನ್ನು ಪಾಸು ಮಾಡಿದ್ದೇ ನನ್ನ ತಪ್ಪು."

"ಆಗುತ್ತಾ ಮೇಡಂ?" ಮಗಳ ದನಿ ಕುಗ್ಗಿತ್ತು. "ನಿಜ ಹೇಳಿ."

"ನಿನ್ನೆ ಕಿಟಕಿ ತೆರೆದಿದ್ದು ಒಳ್ಳೆಯದಾಯ್ತು, ಹೆಚ್ಚಿನ ನೀರು ಹೋಗಿದೆ. ಮೇಲಿನ ಪದರ ಮೊಟ್ಟೆಯ ಸಿಪ್ಪೆಯಷ್ಟು ತೆಳು. ಅಷ್ಟು ಕಲ್ಲಾದರೆ ಸಾಕು, ಒಳಗಿನದು ತನ್ನ ಪಾಡಿಗೆ ವರ್ಷಗಟ್ಟಲೆ ಆಗ್ತಾ ಇರುತ್ತೆ. ಆದರೆ ಒಂದೇ ದಿನಕ್ಕೆ..." ಮೇಡಂ ಜನರ ಕಡೆ ನೋಡಿದರು. "ಇನ್ನೂ ಉಸಿರು ಬೇಕು, ಮಗಳೇ. ಇನ್ನೂ ತುಂಬ ಬೇಕು."

*

ಆ ತೆಳು ಪದರ ಮಗಳ ಕೈಯದು. ತಾಯಿ ಅವಳಿಗೆ ಕಲ್ಲು ಸುಡುವುದು, ಸುಣ್ಣ ಅರಳಿಸುವುದು, ಗುಂಡಿಯಲ್ಲಿ ಅದನ್ನು ಬೆಣ್ಣೆಯಾಗುವವರೆಗೆ ಕಾಪಾಡುವುದು ಎಲ್ಲ ಕಲಿಸಿದ್ದಳು; ಕೊನೆಯ ಕೈ ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸಭಾಂಗಣದ ಕೆಲಸ ಅರ್ಧಕ್ಕೆ ಬಂದಾಗ ತಾಯಿಯ ಕಾಲು ಸೋತವು. ಕುರ್ಚಿ ತರಿಸಿ ನಡುವೆ ಕೂತು, ತನ್ನ ಕರಣೆಯನ್ನು ಮಗಳ ಮಡಿಲಿಗೆ ಎಸೆದಳು.

"ಹೊಡಿ."

"ನಾನಾ? ಅಮ್ಮ, ಕೆಟ್ಟರೆ?"

"ಕೆಟ್ಟರೆ ನಿನ್ನನ್ನೇ ಗೋಡೆಗೆ ಹಚ್ಚಿ ತಿಕ್ತೀನಿ. ಹೊಡಿ."

ಮಗಳು ಹೊಡೆದಳು. ತಾಯಿ ಕೂತಲ್ಲಿಂದ ಬೈದಳು, ಹಾಡಿದಳು, ಸುಳ್ಳುಕತೆ ಹೇಳಿದಳು, ಕೊನೆಯ ಗೋಡೆ ಮುಗಿದಾಗ ಒಂದೂ ಮಾತಾಡಲಿಲ್ಲ. ಅವಳು ಆಯುಷ್ಯದಲ್ಲಿ ಗೋಡೆಯ ಮುಂದೆ ಮಾತು ನಿಲ್ಲಿಸಿದ್ದು ಅದೊಂದೇ ಸಲ. ಮಗಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಕೆಟ್ಟದ್ದು ಆ ಹೆಮ್ಮೆಯಿಂದಲೇ. ತಾಯಿ ಹಾಸಿಗೆ ಹಿಡಿದ ಮೇಲೆ ಮಗಳು ಒಬ್ಬಳೇ ಬಂದು, ಧೂಳು ಕೂರಬಾರದು, ಯಾರ ಬೆರಳೂ ಸೋಕಬಾರದು ಎಂದು ಬಾಗಿಲು, ಕಿಟಕಿ, ಸಂದುಗೊಂದುಗಳಿಗೆಲ್ಲ ಪ್ಲಾಸ್ಟಿಕ್ಕು ಅಂಟಿಸಿದಳು. ಚೊಚ್ಚಲು ಮಗುವನ್ನು ಹೊದಿಸಿ ಹೊದಿಸಿ ಉಸಿರುಗಟ್ಟಿಸುವವರ ಹಾಗೆ. ಅದರೊಳಗೆ ಗಾರೆ ತನ್ನ ನೀರಿನಲ್ಲೇ ಬೆವರುತ್ತ, ಗಾಳಿಯಿಲ್ಲದೆ, ಹಚ್ಚಿದ ದಿನ ಹೇಗಿತ್ತೋ ಹಾಗೆಯೇ ಕೂತಿತು.

"ಗೋಡೆ ಉಸಿರಾಡ್ತಿದೆಯಾ?" ತಾಯಿ ಹಾಸಿಗೆಯಿಂದ ಕೇಳುತ್ತಿದ್ದಳು.

"ಚೆನ್ನಾಗಿದೆ ಅಮ್ಮ. ಒಂದು ನೊಣವೂ ಒಳಗೆ ಹೋಗಿಲ್ಲ."

ತಾಯಿಗೆ ಆ ಉತ್ತರದಲ್ಲಿದ್ದ ತಪ್ಪನ್ನು ಹಿಡಿಯುವಷ್ಟು ತ್ರಾಣ ಉಳಿದಿರಲಿಲ್ಲ. ಮಗಳಿಗೆ ಅದು ಹೊಳೆದದ್ದು ಹಿಂದಿನ ದಿನ, ತಾಯಿಯ ಉಸಿರು ನಿಂತಾಗ; ಓಡಿಬಂದು ಕಿಟಕಿಗಳ ಪ್ಲಾಸ್ಟಿಕ್ಕನ್ನಷ್ಟೇ ಹೊರಗಿನಿಂದ ಕಿತ್ತು ತೆರೆದಿದ್ದಳು.

*

ಸಾಹೇಬರು ಬಂದಾಗ ಬಿಸಿಲು ಇಳಿಯುತ್ತಿತ್ತು. ಕಟ್ಟಡದ ಕೆಲಸ ನೋಡುವ ಅಧಿಕಾರಿ. ಕಡುಗಪ್ಪು ಕೋಟು, ಅದಕ್ಕಿಂತ ಕಪ್ಪು ಮೀಸೆ. ಅವರಿಗೆ ಹಿಡಿಸದ ಗೋಡೆ ಅವರು ನೋಡಿದ ಕೂಡಲೇ ತಾನೇ ಬೀಳುತ್ತದೆ ಎಂಬ ಖ್ಯಾತಿ ಇತ್ತು. ಪೆಟ್ಟಿಗೆಗೆ ಕೈಮುಗಿದು, ಮಗಳ ಕಡೆ ತಿರುಗಿದರು.

"ಇಂಥ ದಿನ ಬಂದದ್ದಕ್ಕೆ ಬೇಜಾರು ಮಾಡ್ಕೋಬೇಡಮ್ಮ. ನಾಳೆಯಿಂದ ನಾನು ಈ ಊರಲ್ಲಿರಲ್ಲ. ಅಮ್ಮನ್ನ ಕಳಿಸಿಕೊಡಿ, ಆಮೇಲೆ ಗೋಡೆ ನೋಡ್ತೀನಿ."

"ನೋಡಿ ಸಾರ್."

ಮೇಡಂ ಕಿವಿಯಲ್ಲಿ ಹೇಳಿದರು: "ಜನ ಕರಗ್ತಿದಾರೆ. ಮಾತು ಮುಗೀತಾ ಬಂತು."

ನಿಜ. ಬಾಯಿ ಒಣಗಿದವರು ಚಹಾದಂಗಡಿಯ ಕಡೆ ಹೊರಟಿದ್ದರು. ಅಷ್ಟರಲ್ಲಿ ಅಣ್ಣತಮ್ಮಂದಿರಲ್ಲಿ ಹಿರಿಯವನು, ಮಾತು ನಿಲ್ಲಬಾರದೆಂದು, ಎಲ್ಲೋ ಕೇಳಿದ್ದೊಂದನ್ನು ತೆಗೆದ: "ಈ ಮಾವನೇ ಚಿಕ್ಕವನಿದ್ದಾಗ ಸುಣ್ಣದ ಗುಂಡಿಗೆ ಬಿದ್ದಿದ್ದನಂತೆ. ಅವಳು ಕೂದಲು ಹಿಡಿದು ಎಳೆದಳಂತೆ."

"ಕೂದಲಲ್ಲ!"

ಸಭಾಂಗಣ ಬೆಚ್ಚಿತು. ಸಿಮೆಂಟು ಮಾವ ಕಟ್ಟಿದ್ದ ಕೈ ಬಿಚ್ಚಿದ್ದ.

"ಕೂದಲಲ್ಲ ಕಣಯ್ಯಾ, ಕಿವಿ! ಗೊತ್ತಿಲ್ಲದೆ ಯಾಕೆ ಒದರ್ತೀಯ? ಈ ಕಿವಿ, ನೋಡು, ಇದು ಇವತ್ತಿಗೂ ಒಂದು ಬೆರಳು ಉದ್ದ! ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತೀರಲ್ಲ, ನಂಗೆ ಎರಡೂ ಕಣ್ಣಿಗೆ ಸುಣ್ಣ! ಅವಳಾಗ ನನ್ನ ಈಗಿನ ಹೆಗಲಷ್ಟೂ ಇರಲಿಲ್ಲ. ಬಾವಿಕಟ್ಟೆಗೆ ಎಳ್ಕೊಂಡು ಹೋಗಿ, ರೆಪ್ಪೆ ಬಿಡಿಸಿ, ನೀರು ಸುರಿದಳು, ಸುರಿದಳು, ಬಾವಿಯ ತಳದ ಕಪ್ಪೆ ಮೇಲೆ ಬಂದು ಬೈಯೋವರೆಗೂ ಸುರಿದಳು! ನಾನು ಇವತ್ತು ನಿಮ್ಮ ಮುಖ ನೋಡ್ತಿದೀನಿ ಅಂದ್ರೆ..." ಅವನ ದನಿ ಒಡೆಯಿತು. ಒಡೆದ ಮೇಲೆ ಇನ್ನೂ ದೊಡ್ಡದಾಯಿತು. "ಅಕ್ಕಾ! ನಿನ್ನ ಹತ್ರ ಮಾತು ಬಿಟ್ಟೆನಲ್ಲೇ! ಈಗ ಕೇಳೇ, ಎಲ್ಲಾ ಕೇಳು!"

ಅವನು ಶುರು ಮಾಡಿದ. ಇಷ್ಟು ವರ್ಷ ಮುಚ್ಚಿಟ್ಟ ಬಾಯಿ. ಅಣೆಕಟ್ಟು ಒಡೆದರೂ ಅಷ್ಟು ಹರಿಯುತ್ತಿರಲಿಲ್ಲ. ಅವಳು ಕದ್ದು ತಂದುಕೊಟ್ಟ ಹಣ್ಣು, ಅವನ ಮದುವೆಯ ಕೋಣೆಗೆ ಹಗಲೂ ಇರುಳೂ ಒಬ್ಬಳೇ ಹಚ್ಚಿದ ಗಾರೆ, ಅಂಗಡಿಯ ಮುಂದೆ ಹಾದುಹೋಗುವಾಗೆಲ್ಲ ಬೇಕೆಂದೇ ಕೆಮ್ಮುತ್ತಿದ್ದ ಕೆಮ್ಮು, ಆ ಕೆಮ್ಮಿಗಾಗಿ ಅವನು ಕಾಯುತ್ತಿದ್ದ ಸಂಜೆಗಳು. ಚಹಾದಂಗಡಿಯವರು ಲೋಟ ಹಿಡಿದೇ ಓಡಿಬಂದರು. ಅವರ ಹಿಂದೆ ಬೀದಿ, ಬೀದಿಯ ಹಿಂದೆ ಊರು. ಸಿಮೆಂಟು ಮಾವ ಅಳುವುದನ್ನು ನೋಡಲು ಹಾಸಿಗೆ ಹಿಡಿದವರೂ ಎದ್ದು ಬಂದರು. ಉಸಿರಿಗೆ ಉಸಿರು ತಾಗಿ, ಕಿಟಕಿಯ ಗಾಜುಗಳು ಬೆವರಿ, ಒಳಗಿನ ಗಾಳಿಯನ್ನು ಚಾಕುವಿನಿಂದ ಕತ್ತರಿಸಿ ಕಾಗದದಲ್ಲಿ ಕಟ್ಟಿಕೊಡಬಹುದಿತ್ತು. ಅಕ್ಕ ಕೇಳುತ್ತಿದ್ದಾಳೋ ಎಂಬಂತೆ ಮಾವ ನಡುನಡುವೆ ಪೆಟ್ಟಿಗೆ ತಟ್ಟಿ, "ಹೂಂ ಅನ್ನೇ," ಎನ್ನುತ್ತಿದ್ದ. ಇಡೀ ಸಭಾಂಗಣ ಒಟ್ಟಾಗಿ "ಹೂಂ" ಎನ್ನುತ್ತಿತ್ತು.

ಇನ್ನೂ ಜನ ನುಗ್ಗಿದರು. ಮೊದಲಿದ್ದವರು ಹಿಂದೆ ಸರಿದರು, ಸರಿದವರು ಗೋಡೆಗೆ ತಾಗಿದರು.

"ಒರಗಬೇಡಿ!" ಮಗಳು ಚೀರಿದಳು. "ದಮ್ಮಯ್ಯ, ಗೋಡೆಗೆ ಒರಗಬೇಡಿ!"

ಯಾರಿಗೆ ಕೇಳಬೇಕು? ನಾಲ್ಕು ಗೋಡೆಗೂ ಬೆನ್ನುಗಳು ಮೆತ್ತಿಕೊಂಡವು, ಒಬ್ಬರ ಪಕ್ಕ ಒಬ್ಬರು. ಸಾಹೇಬರನ್ನಂತೂ ಬೇಕರಿಯವನ ಹೊಟ್ಟೆ ಗೋಡೆಗೆ ಒತ್ತಿ ಮೊಳೆ ಹೊಡೆದಂತೆ ನಿಲ್ಲಿಸಿಬಿಟ್ಟಿತು. ಮೇಡಂ ಸೀಸೆ ಎತ್ತಿ ಹಿಡಿದು ಗೋಡೆಯ ಕಡೆ ನುಗ್ಗಲು ನೋಡಿ, ಆಗದೆ ಬಿಟ್ಟರು. ಮಗಳು ಕಣ್ಣು ಮುಚ್ಚಿಕೊಂಡಳು. ಅವಳ ಮೊದಲ ಗೋಡೆ, ತಾಯಿಯ ಕೊನೆಯ ಗೋಡೆ, ಅಷ್ಟೂ ಊರಿನ ಬೆನ್ನಿಗೆ ಹತ್ತಿಹೋಗುತ್ತಿತ್ತು.

ಮಾವನ ದನಿ ಪೂರ್ತಿ ಸವೆದು ಪಿಸುಮಾತಾದಾಗ ಹೊರಗೆ ದೀಪ ಹಚ್ಚುವ ಹೊತ್ತು. "ಇನ್ನು ಕರ್ಕೊಂಡು ಹೋಗೋಣ," ಎಂದ. ಪೆಟ್ಟಿಗೆಯ ಮುಂದಿನ ಒಂದು ಮೂಲೆಗೆ ಅವನು ಹೆಗಲು ಕೊಟ್ಟ, ಇನ್ನೊಂದಕ್ಕೆ ಮಗಳು. ದಾರಿ ಬಿಡಲು ಜನವೆಲ್ಲ ಮೊದಲು ಹೊರಗೆ ಇಳಿದು, ಸ್ಮಶಾನದ ಕಡೆ ಮುಖ ಮಾಡಿ, ಬೀದಿ ತುಂಬ ನಿಂತಿತು.

ಮಗಳು ಹೊಸ್ತಿಲ ಮೇಲೆ ಬಂದು, ಇಷ್ಟವಿಲ್ಲದೆಯೇ ಕಣ್ಣೆತ್ತಿದಳು.

ಹೊರಗೆ ಬೀದಿದೀಪಗಳು ಹತ್ತಿದ್ದವು. ಮಾವನ ಹೆಂಡತಿ, ಮೈಯೆಲ್ಲ ಸುಣ್ಣವಾಗಿರಬೇಕೆಂದು, ಮುಂದಿದ್ದ ದರ್ಜಿಯ ಕಪ್ಪು ಬೆನ್ನನ್ನು ಕೊಡವಿದಳು. ಏನೂ ಹಾರಲಿಲ್ಲ. ಕೈ ನೋಡಿಕೊಂಡಳು, ಮತ್ತೆ ತಟ್ಟಿದಳು, ಈ ಸಲ ಜೋರಾಗಿ. ದರ್ಜಿ ನಂಬದೆ ತನ್ನ ಮುಂದಿದ್ದ ಅಣ್ಣನ ಬೆನ್ನು ತಟ್ಟಿದಳು, ಅವನು ತಮ್ಮನದನ್ನು, ತಮ್ಮ ಬೇಕರಿಯವನದನ್ನು. ಬೇಕರಿಯವನು ಎರಡೂ ಕೈಯಿಂದ ಸಾಹೇಬರ ಕೋಟನ್ನು ಬಾರಿಸಿದ. ಸಾಹೇಬರು ತಿರುಗಿ ಬೈಯುವುದನ್ನು ಬಿಟ್ಟು ತಮ್ಮ ಮುಂದಿನ ಬೆನ್ನಿಗೆ ಕೈಹಾಕಿದರು. ಒಂದು ಬಿಳಿಯ ಕಣವೂ ಏಳಲಿಲ್ಲ. ತಟ್ಟುವುದು ಸಾಲಿನಿಂದ ಸಾಲಿಗೆ ಹಬ್ಬಿ, ತಿರುವಿನವರೆಗೂ, ತಿರುವಿನಾಚೆಗೂ ಹೋಯಿತು. ಬೀದಿ ತುಂಬ ಕಪ್ಪು ಬೆನ್ನುಗಳು, ಅವುಗಳ ಮೇಲೆ ಪಟಪಟ ಪಟಪಟನೆ ಬೀಳುವ ಕೈಗಳು. ಆ ಸದ್ದಿನ ನಡುವೆ ಸುಣ್ಣದಮ್ಮ ಮಗಳ ಹೆಗಲ ಮೇಲೆ ಮೆಟ್ಟಿಲಿಳಿದಳು.